ಪದಕಗಳ ಗಂಟಿನೊಡನೆ ಬೆಳಗಾವಿಗೆ

ಮಲಪ್ರಭೆಯು ಹುಟ್ಟುವ ಕಣಕುಂಬಿಯು ನಮ್ಮ ಖಾನಾಪುರ ತಾಲೂಕಿನದು. ಇಲ್ಲಿಯ ಮಳೆಗಾಲವು ಹಂಚಿನ ಮನೆಯವರನ್ನು ಪ್ರತಿವರ್ಷವೂ ಪರೀಕ್ಷಿಸದೆ ಬಿಡದು. ಈ ಸಲ ಪಡಸಾಲೆಯ ತೊಲೆಗಳನ್ನು ಬದಲಿಸದೆ ಗತ್ಯಂತರವಿರಲಿಲ್ಲ. “ಮಾವನವರ ಪೆಟ್ಟಿಗೆಯಲ್ಲಿಯ ಬಿಲ್ಲೆಗಳನ್ನು ಯಾರಿಗಾಗಿ ಕಾಯುತ್ತ ಕುಳಿತಿದ್ದೀರಿ?” ಎಂದು ಮನೆಯಾಕೆಯು ಕೇಳಿದಳು. ಪ್ರಶ್ನೆಯು ನ್ಯಾಯವಾದುದೇ ಆಗಿತ್ತು.

ತೀರ್ಥರೂಪರು ಕೂಡಿಸಿಟ್ಟವು ಒಟ್ಟು ೬೭. ೧೯೧೧ರ ದಿಲ್ಲಿ ದರಬಾರಿನ ಸ್ಮಾರಕಗಳು, ೧೯೩೫ರಲ್ಲಿ ನಡೆದ ಐದನೆಯ ಜಾರ್ಜ್ ದೊರೆಯ ರಜತ ಮಹೋತ್ಸವದ ಪದಕಗಳು, ಶ್ರೀರಾಮ ಪಟ್ಟಾಭಿಷೇಕದ ಅಚ್ಚುಳ್ಳ ಹಿತ್ತಾಳೆಯ ರಾಮಟಂಕಗಳು, ೧೯೬೯ರ ಗಾಂಧಿ ಶತಾಬ್ದಿಯ ಹತ್ತು ರೂಪಾಯಿಯ ಎರಡು ನಾಣ್ಯಗಳು, ಮತ್ತು ಕಾಗದದಲ್ಲಿ ಸುತ್ತಿದ ಬೆಳ್ಳಿಯದೊಂದು ಯುದ್ಧಪದಕ. ಹಿಂದಿನ ರಾತ್ರಿ ಹುಣಸೆಹುಳಿ ಹಚ್ಚಿ ಎಲ್ಲವನ್ನೂ ತಿಕ್ಕಿ ಬೆಳಗಿದೆನು. ಆ ಕಾಗದದ ಪೊಟ್ಟಣವನ್ನು ಮಾತ್ರ ಬಿಚ್ಚಲಿಲ್ಲ.

ಬೆಳಗಿನ ರೈಲು ಇದ್ದಲಹೊಂಡ, ದೇಸೂರುಗಳನ್ನು ದಾಟಿ, ಭತ್ತದ ಗದ್ದೆಗಳ ನಡುವೆ ಸಾಗಿ ಟಿಳಕವಾಡಿಯನ್ನು ಸೇರಿತು. ೧೯೨೪ರ ಡಿಸೆಂಬರದಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನವು ನೆರೆದದ್ದು ಇಲ್ಲಿಯೇ. ಅವರು ಆ ಪೀಠವನ್ನೇರಿದ್ದು ಅದೊಂದೇ ಸಲ. ನೆರೆದ ಜನಕ್ಕೆ ನೀರೊದಗಿಸಲು ತೋಡಿದ ಬಾವಿಯು ಇಂದಿಗೂ ಇದೆ. ಸ್ಮಾರಕವಾದರೆ ಹೀಗಾಗಬೇಕು, ದಾಹವನ್ನಾದರೂ ತಣಿಸಿತು ಎಂದುಕೊಂಡೆನು.

ಶಹಾಪುರದ ಪೇಟೆಯಲ್ಲಿ ಹಳೆಯ ನಾಣ್ಯಗಳ ಪರಿಚಯವುಳ್ಳ ಸರಾಫರೊಬ್ಬರು ಗಂಟನ್ನು ಬಿಚ್ಚಿದೊಡನೆಯೇ ನಿಟ್ಟುಸಿರಿಟ್ಟರು. “ಮಾಸ್ತರರೇ, ಯಾಕೆ ತಿಕ್ಕಿದಿರಿ? ಕಾಲವು ಹಚ್ಚಿದ ಬಣ್ಣವನ್ನು ತೆಗೆದರೆ ಸಂಗ್ರಾಹಕನು ಮುಟ್ಟುವದಿಲ್ಲ” ಎಂದರು. ನಾನು ಮಾಡಿದ ಸೇವೆಯೇ ಅಪಚಾರವಾಗಿತ್ತು! ರಾಮಟಂಕಕ್ಕೆ ಲಕ್ಷ ಕೊಡುವವರಿದ್ದಾರೆಂಬ ವದಂತಿಯನ್ನು ಹೇಳಲು ಅವರು ನಕ್ಕುಬಿಟ್ಟರು. ಅವು ಚಲಾವಣೆಯ ನಾಣ್ಯಗಳಲ್ಲ, ಪೂಜೆಯ ಬಿಲ್ಲೆಗಳು, ಈಚಿನವು ಹೇರಳವಾಗಿವೆ. ಗಾಂಧಿ ನಾಣ್ಯಗಳು ತಲಾ ೧೫ ಗ್ರಾಂ ತೂಕದವು, ನೂರಕ್ಕೆ ೮೦ ಪಾಲು ಬೆಳ್ಳಿ. ಅವಕ್ಕೆ ಬೆಲೆ ಬಂದಿತು. ಉಳಿದವನ್ನು ಕೇಳುವವರೇ ವಿರಳ.

ಕಾರಣವನ್ನೂ ಅವರೇ ತಿಳಿಸಿದರು. ನಾಣ್ಯವು ಕೈಯಿಂದ ಕೈಗೆ ತಿರುಗಿ ಸವೆಯುತ್ತದೆ, ಕಳೆಯುತ್ತದೆ, ಕರಗುತ್ತದೆ. ಆದ್ದರಿಂದ ಉಳಿದದ್ದು ಅಪೂರ್ವವಾಗುತ್ತದೆ. ಪದಕವನ್ನಾದರೋ ಪಡೆದವರೆಲ್ಲರೂ ಜೋಪಾನ ಮಾಡುತ್ತಾರೆ. ಆದ್ದರಿಂದ ಅದು ಎಲ್ಲರ ಮನೆಯಲ್ಲಿಯೂ ಇದೆ. ಪರದೇಶದವರಿಗೆ ಮಾರಬಹುದೇ ಎಂದು ಕೇಳಿದೆನು. ನೂರು ವರ್ಷ ಮೀರಿದ ನಾಣ್ಯಾದಿಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸಕೂಡದೆಂದು ೧೯೭೨ರ ಕಾಯದೆಯಿದೆಯಂತೆ.

ಕೊನೆಗೆ ಪೊಟ್ಟಣವನ್ನು ಬಿಚ್ಚಿದರು. ಒಂದು ಮಗ್ಗುಲಿಗೆ ದೊರೆಯ ಮುಖ, ಇನ್ನೊಂದಕ್ಕೆ ಕುದುರೆ ಸವಾರ, ೧೯೧೪ ಮತ್ತು ೧೯೧೮ ಎಂಬ ಇಸವಿಗಳು. “ಇಂಥವನ್ನು ಅರವತ್ತು ಲಕ್ಷಕ್ಕೂ ಮಿಕ್ಕಿ ಹಂಚಿದ್ದಾರೆ. ಬೆಳ್ಳಿಯ ತೂಕಕ್ಕೆ ಕೊಳ್ಳುವೆನು” ಎಂದವರು ಅಂಚನ್ನು ತಿರುಗಿಸಿ ನೋಡಿ ಸುಮ್ಮನಾದರು. “ಈ ಹೆಸರು ನಿಮ್ಮ ಮನೆತನದ್ದೋ?”

ಅಂಚಿನಲ್ಲಿ ಒಬ್ಬ ಸಿಪಾಯಿಯ ಹೆಸರೂ ೧೦೩ನೆಯ ಮರಾಠಾ ಪಲಟನಿನ ಗುರುತೂ ಕೊರೆದಿದ್ದವು. ಆ ಪಲಟನು ಮೆಸೊಪೊಟೇಮಿಯದ ಕುತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿತ್ತು; ಅಲ್ಲಿಯ ಸೇನೆಯು ೧೯೧೬ರ ಏಪ್ರಿಲ್ ೨೯ರಂದು ಶರಣಾಯಿತು. ಸುತ್ತಿದ ಕಾಗದದ ಮೇಲೆ ತಂದೆಯವರ ಅಕ್ಷರ: ನಮ್ಮ ತಾಲೂಕಿನ ಒಂದು ಹಳ್ಳಿಯ ಹೆಸರು, “ಒತ್ತೆ, ರೂ. ೨೦”.

ಅದನ್ನು ಮಾರದೆ ಹಿಂದಿರುಗಿದೆನು. ಬಂದ ಹಣವು ಅರ್ಧ ತೊಲೆಗಳಿಗೆ ಮಾತ್ರ ಸಾಕಾಯಿತು. ಮನೆಯಾಕೆಯು ಕಾಗದವನ್ನು ಓದಿ, “ಮೊದಲು ಇದನ್ನು ಮುಟ್ಟಿಸಿ ಬನ್ನಿರಿ” ಎಂದಳು. ಹಳ್ಳಿಯಲ್ಲಿ ವಿಚಾರಿಸಲು ಆ ಸಿಪಾಯಿಯ ಮೊಮ್ಮಗನು ಸಿಕ್ಕಿದನು. ಆತನು ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಬಹಳ ಹೊತ್ತಿನ ಮೇಲೆ, “ಗುರುಗಳೇ, ನಮ್ಮ ಅಜ್ಜನ ಸಾಲವೆಷ್ಟಿತ್ತು?” ಎಂದನು. ಹೇಳಿದೆನು. ಒಳಗೆ ಹೋಗಿ ಇಪ್ಪತ್ತು ರೂಪಾಯಿಯ ನೋಟನ್ನು ತಂದು ನನ್ನ ಕೈಯಲ್ಲಿಟ್ಟನು. ಬೇಡವೆಂದಿದ್ದರೆ ಅದು ದಾನವಾಗುತ್ತಿತ್ತು. ತೆಗೆದುಕೊಂಡೆನು, ಸಾಲವು ತೀರಿತು.

ಸಂಸ್ಕೃತದಲ್ಲಿ ‘ಅರ್ಥ’ವೆಂದರೆ ಹಣವೂ ಹೌದು, ತಾತ್ಪರ್ಯವೂ ಹೌದು. ಇದನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟೆನು. ಕಲಿತದ್ದು ಮಾತ್ರ ಆ ದಿನ.