ಗೋಡೆಯ ಪೆಟ್ಟಿಗೆ, ಬೊಂಬೆಯ ಎದೆ

ಕೋಪನ್‌ಹೇಗನ್

ಪ್ರೀತಿಯ ತಂಗಿಗೆ,

ಈ ಊರಲ್ಲಿ ಎಲ್ಲಿ ನೋಡಿದರೂ ಗೋಡೆಗೊಂದು ಪೆಟ್ಟಿಗೆ. ಮೇಲೆ ಹೃದಯದ ಚಿತ್ರ, ಒಳಗೆ ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ. ಡೇನಿಶ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ಹೃದಯ ಸ್ಟಾರ್ಟ್ ಮಾಡುವುದು', ಥೇಟ್ ಹಳೇ ಲೂನಾ ಸ್ಟಾರ್ಟ್ ಮಾಡಿದ ಹಾಗೆ! ದುಡ್ಡಿದ್ದರೆ ಈ ಪೆಟ್ಟಿಗೆಯನ್ನು ಯಾವ ಊರೂ ಕೊಂಡುಕೊಳ್ಳಬಹುದು. ಅದನ್ನು ತರುವವರೆಗೆ ಬಿದ್ದವನ ಎದೆ ಒತ್ತುವ ಕೈಗಳು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಡೆನ್ಮಾರ್ಕ್ ಆ ಕೈಗಳನ್ನು ತಯಾರು ಮಾಡಿತು: 2005ರಿಂದ ಶಾಲೆಗಳಲ್ಲಿ, 2006ರಿಂದ ಡ್ರೈವಿಂಗ್ ಲೈಸೆನ್ಸ್ ಬೇಕೆನ್ನುವವರಿಗೆಲ್ಲ ಕಡ್ಡಾಯ ತರಬೇತಿ. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾದವರಲ್ಲಿ 2001ರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ ಅಕ್ಕಪಕ್ಕದವರು ಎದೆ ಒತ್ತುತ್ತಿದ್ದರು; 2010ಕ್ಕೆ ಅದು 45ರ ಹತ್ತಿರ ಬಂತು. ತಿಂಗಳ ನಂತರವೂ ಬದುಕಿದ್ದವರು ನೂರಕ್ಕೆ 3.5ರಿಂದ 10.8ಕ್ಕೆ ಏರಿದರು. ಆಂಬುಲೆನ್ಸ್, ಆಸ್ಪತ್ರೆ, ಯಂತ್ರಗಳೂ ಆ ವರ್ಷಗಳಲ್ಲೇ ಸುಧಾರಿಸಿದವು, ಆದ್ದರಿಂದ ಪೂರ್ತಿ ಶ್ರೇಯಸ್ಸು ತರಬೇತಿಗೇ ಸಲ್ಲದು. ಆದರೆ ಮೊದಲ ಐದು ನಿಮಿಷ ಯಾರೂ ಮುಟ್ಟದೆ ಬಿಟ್ಟವರಿಗೆ ಒಳ್ಳೆಯ ಆಸ್ಪತ್ರೆಯಿಂದ ಆಗುವ ಲಾಭ ತೀರಾ ಕಡಿಮೆ.

ನಿನ್ನಂಥ ನರ್ಸಿಂಗ್ ಎರಡನೇ ವರ್ಷದವಳು ಜೊತೆಯವರಿಗೇ ಪ್ರಥಮ ಚಿಕಿತ್ಸೆ ಕಲಿಸುವುದು ಅಧಿಕಪ್ರಸಂಗ ಅನ್ನುವವರಿದ್ದಾರೆ. ಅರೆಬೆಂದ ವಿದ್ಯೆ ಅಪಾಯ ಎಂಬುದು ಅವರ ವಾದ. ಔಷಧ ಕೊಡುವ ವಿಷಯವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಇಲ್ಲಿ ಕಲಿಸಬೇಕಾದ್ದು ಪಾಂಡಿತ್ಯವಲ್ಲ, ಕೈಗೆ ಹತ್ತಬೇಕಾದ ಅಭ್ಯಾಸ: ತರಬೇತಿ ಬೊಂಬೆಯ ಎದೆಯ ನಡುವೆ ಅಂಗೈ, ಐದಾರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡುವುದು. ಇದನ್ನು ನಿನ್ನೆಯಷ್ಟೇ ಕಲಿತವಳಿಗೆ, ತನ್ನ ಮೊಣಕೈ ಎಲ್ಲಿ ಮಡಚಿತ್ತು, ಎಲ್ಲಿ ನಾಚಿಕೆಯಾಗಿತ್ತು ಎಂಬುದು ಇನ್ನೂ ನೆನಪಿರುತ್ತದೆ. ಮೂವತ್ತು ವರ್ಷದ ತಜ್ಞರು ಅದನ್ನು ಎಂದೋ ಮರೆತಿರುತ್ತಾರೆ. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಆರೋಗ್ಯ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಹಪಾಠಿಗಳಿಂದ ಕಲಿತವರು ವೈದ್ಯಕೀಯ ಸಿಬ್ಬಂದಿಯಿಂದ ಕಲಿತವರಿಗಿಂತ ಹಿಂದೆ ಬೀಳಲಿಲ್ಲ. ಅಲ್ಲಿ ಕಲಿಸಿದ ವಿದ್ಯಾರ್ಥಿಗಳೂ ಮೊದಲು ತರಬೇತಿ ಪಡೆದಿದ್ದರು ಅನ್ನುವುದನ್ನು ಮರೆಯಬೇಡ. ಯೂಟ್ಯೂಬ್ ನೋಡಿ ಕಲಿಸಹೊರಟವರಿಗೆ ಈ ವಾದ ನೆರವಾಗದು.

ಇನ್ನೊಂದು ಆಕ್ಷೇಪ ಇನ್ನೂ ಸೂಕ್ಷ್ಮ: ಅನುಭವ ಬೇಕಿದ್ದರೆ ವಾರ್ಡಿನಲ್ಲಿ ನಿಲ್ಲಬೇಕು, ಇದು ಬರೀ ಸರ್ಟಿಫಿಕೇಟಿನ ಆಸೆ. ಆಸೆ ಇರಲಿ ಬಿಡು, ಅದರಿಂದ ಬಿದ್ದವನಿಗೇನೂ ನಷ್ಟವಿಲ್ಲ. ವಾರ್ಡಿನ ಮೂಲೆಯಲ್ಲಿ ನಿಂತವರು ನೋಡುವುದನ್ನು ಕಲಿಯುತ್ತಾರೆ. ಕಲಿಸುವವರಿಗೆ 'ಪಕ್ಕೆಲುಬು ಮುರಿದರೆ?' 'ಉಸಿರಾಡುತ್ತಿದ್ದರೆ?' ಎಂಬ ಪ್ರಶ್ನೆಗಳು ಎದುರಾಗುತ್ತವೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕಾಗುತ್ತದೆ. ರೋಗಿಯ ಮನೆಯವರೊಂದಿಗೆ ಮುಂದೆ ಮಾಡಬೇಕಾದ ಕೆಲಸವೂ ಅದೇ ಅಲ್ಲವೇ?

2021ರ ಜೂನ್ 12ರಂದು ಇಲ್ಲಿನ ಪಾರ್ಕೆನ್ ಮೈದಾನದಲ್ಲಿ ಡೆನ್ಮಾರ್ಕ್ ಫುಟ್ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಹೃದಯ ನಿಂತು ಕುಸಿದಾಗ ಮೊದಲು ಧಾವಿಸಿದವರಲ್ಲಿ ನಾಯಕ ಸಿಮೊನ್ ಕ್ಯೆರ್ ಒಬ್ಬ, ಡಾಕ್ಟರಲ್ಲ, ಜೊತೆ ಆಟಗಾರ. ಎರಿಕ್ಸನ್ ಬದುಕಿ ಮತ್ತೆ ಆಡಿದ. ಅದೇ ವರ್ಷ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಹೃದಯ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸರದಿ ಬೆಳೆಯಿತು. ಎರಡನ್ನೂ ತೂಗಿ ನೋಡಬಾರದು, ಒಂದೊಂದರ ಸಂದರ್ಭ ಬೇರೆ. ಆದರೆ ಎದೆ ಒತ್ತುವುದನ್ನು ಕಲಿಯಲು ಅಂಥ ಸರದಿ ನಿಂತ ಸುದ್ದಿಯನ್ನು ನಾನು ಓದಿಲ್ಲ. ನೆರವಾದರೆ ಪೊಲೀಸು, ಕೋರ್ಟು ಎಂಬ ಭಯ ಹಳೆಯದು. ನೆರವಾದವರನ್ನು ಕಾಪಾಡಲೆಂದೇ ಕರ್ನಾಟಕದ 2016ರ ಕಾಯ್ದೆಯಿದೆ, ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ ರಕ್ಷಣೆಯೂ ಇದೆ. ಇದನ್ನೂ ತರಗತಿಯಲ್ಲಿ ಹೇಳು. 108ಕ್ಕೆ ಕರೆ ಮಾಡುವ ಕೆಲಸ 'ಯಾರಾದರೂ' ಅನ್ನದೆ ಒಬ್ಬರಿಗೆ ಬೆರಳು ತೋರಿಸಿ ಒಪ್ಪಿಸುವುದನ್ನು ಕಲಿಸು. ಬಿದ್ದವರು ಗೊರಕೆಯಂತೆ ಆಗೊಮ್ಮೆ ಈಗೊಮ್ಮೆ ಎಳೆಯುವುದು ಉಸಿರಾಟವಲ್ಲ ಎಂಬುದನ್ನು ಎರಡು ಸಲ ಹೇಳು, ಜನ ಮೋಸಹೋಗುವುದು ಅಲ್ಲೇ. ಕಲಿತ ಕೈ ಕೆಲವೇ ತಿಂಗಳಲ್ಲಿ ಮರೆಯುತ್ತದೆ, ಎರಡನೇ ತರಗತಿಯ ತಾರೀಖನ್ನು ಮೊದಲ ದಿನವೇ ಗೊತ್ತುಮಾಡಿ ಬೋರ್ಡಿನ ಮೇಲೆ ಬರೆದುಬಿಡು.

ನಿನ್ನ ಅಣ್ಣ