ಕಪಿಲೆಯ ದಂಡೆಯಲ್ಲಿ ಕಂಡ ಕುರುಕ್ಷೇತ್ರ

ಹೋದ ಮಾಘಮಾಸದಲ್ಲಿ ತಿರುಮಕೂಡಲು ನರಸೀಪುರದ ಸಮೀಪದ ಒಂದು ಹಳ್ಳಿಯಿಂದ ನನಗೊಂದು ಕರೆಯೋಲೆ ಬಂದಿತು. ಹಳದಿ ಕಾಗದದ ಮೇಲೆ ಅಚ್ಚಾದ ನಾಟಕದ ಜಾಹೀರಾತು ಅದು. ಮೇಲೆ ಗ್ರಾಮದೇವತೆಯ ಹೆಸರು. ಅದರ ಕೆಳಗೆ ದಪ್ಪಕ್ಷರಗಳಲ್ಲಿ ‘ಕುರುಕ್ಷೇತ್ರ ಎಂಬ ಪೌರಾಣಿಕ ನಾಟಕ’. ಅದರ ಕೆಳಗೆ ಪಾತ್ರಧಾರಿಗಳ ಭಾವಚಿತ್ರಗಳ ಸಾಲು. ಅಂಚಿನಲ್ಲಿ ಯಾರೋ ಕೈಯಿಂದ ಬರೆದಿದ್ದರು: “ನಿಮ್ಮ ದೊಡ್ಡಪ್ಪನವರು ಕಲಿಸಿಕೊಟ್ಟ ನಾಟಕ. ತಾವು ಒಂದು ಸಲವಾದರೂ ಬರಬೇಕು.”

‘ಒಂದು ಸಲವಾದರೂ’ ಎಂಬ ಮಾತು ನನ್ನನ್ನು ಚುಚ್ಚಿತು. ನಮ್ಮ ದೊಡ್ಡಪ್ಪನವರು ಆ ಹಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಾಟಕದ ಮೇಷ್ಟರಾಗಿದ್ದರು. ನಾನು ಒಂದು ಸಲವೂ ಹೋದವನಲ್ಲ. ಕಾಳಿದಾಸನನ್ನೂ ಭವಭೂತಿಯನ್ನೂ ಓದುತ್ತಿದ್ದವನಿಗೆ ಹಳ್ಳಿಯ ಕುರುಕ್ಷೇತ್ರವನ್ನು ನೋಡುವುದು ವಿದ್ಯೆಗೆ ಕುಂದೆಂದು ಆಗ ತೋರುತ್ತಿತ್ತು. ಅವರು ತೀರಿಕೊಂಡು ನಲವತ್ತು ವರ್ಷಗಳ ಮೇಲಾಯಿತು.

ನಾನೀಗ ನಿವೃತ್ತನಾಗಿ ನಂಜನಗೂಡಿನಲ್ಲಿ ನೆಲಸಿದ್ದೇನೆ. ಹೊರಡುವ ದಿನ ಬೆಳಗ್ಗೆ ಕಪಿಲೆಯಲ್ಲಿ ಸ್ನಾನವನ್ನು ಮುಗಿಸಿ, ಶ್ರೀಕಂಠೇಶ್ವರನ ದರ್ಶನವನ್ನು ಮಾಡಿಕೊಂಡು, ಹಳೆಯ ಸೇತುವೆಯ ಕಡೆಗೆ ನಡೆದೆನು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆ ಅದು. ಬಹುಕಾಲ ಬಂಡಿಗೂ ರೈಲಿಗೂ ಒಟ್ಟಿಗೆ ಬೆನ್ನು ಕೊಟ್ಟಿದ್ದಿತು. ಈಗ ಅದರ ಮೇಲೆ ರೈಲಿಲ್ಲ. ನಾಟಕದ ಕಂಪೆನಿಗಳು ಪರದೆಗಳನ್ನೂ ಪೆಟ್ಟಿಗೆಗಳನ್ನೂ ರೈಲಿನಲ್ಲಿ ಹೇರಿಕೊಂಡು ಊರಿಂದೂರಿಗೆ ತಿರುಗುತ್ತಿದ್ದ ಕಾಲದಲ್ಲಿ, ದೊಡ್ಡ ಜಾತ್ರೆಗೆ ಐದು ತೇರುಗಳನ್ನೆಳೆಯುವ ಈ ಊರಿನಂತಹ ಬಿಡಾರ ಅವರಿಗೆ ಮತ್ತೊಂದಿರಲಿಲ್ಲ. ಜನ ತಾವಾಗಿಯೇ ಬಂದು ಸೇರುವ ಕಡೆ ಸಾರುವ ಖರ್ಚು ಕಡಮೆ.

ನನಗೆ ಹತ್ತು ವರ್ಷವಾಗಿದ್ದಾಗ, ಅಂದರೆ ಸುಮಾರು 1975ರಲ್ಲಿ, ಇಂತಹ ಒಂದು ಬಿಡಾರವನ್ನು ಇಲ್ಲಿಯೇ ಕಂಡೆನು. ತಗಡಿನ ಗೋಡೆ, ಗರಿಯ ಚಪ್ಪರ. ಮುಂದೆ ಕುರ್ಚಿಗಳು, ಹಿಂದೆ ಮರಳಿನ ನೆಲ. ನಾವು ನೆಲದವರು. ಗಂಟೆ ಬಾರಿಸಿ ಪರದೆ ಎದ್ದಾಗ ದೀಪದ ಬೆಳಕಿಗೆ ಕಾಗೆಬಂಗಾರದ ಕಿರೀಟಗಳು ಹೊಳೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ಯುದ್ಧದ ಸೀನಿನಲ್ಲಿ ಬಂದ ಆನೆಯು ಪರದೆಯ ಮೇಲೆ ಬರೆದ ಆನೆ. ಅದರ ಸೊಂಡಿಲಿನ ಬಣ್ಣ ಉದುರಿಹೋಗಿದ್ದಿತು. ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬನು, “ನಮ್ಮ ಕಾಲದಲ್ಲಿ ನಿಜವಾದ ಆನೆಯೇ ಬರುತ್ತಿತ್ತು ಕಣಪ್ಪ” ಎಂದನು. ನಾನು ನಂಬಲಿಲ್ಲ.

ಆತನು ಹೇಳಿದ್ದು ಸುಳ್ಳಲ್ಲ. ಗುಬ್ಬಿ ವೀರಣ್ಣನವರ ಕಂಪೆನಿಯು 1934ರಲ್ಲಿ ಬೆಂಗಳೂರಿನಲ್ಲಿ ಕುರುಕ್ಷೇತ್ರವನ್ನು ಆಡಿದಾಗ ರಂಗದ ಮೇಲೆ ಜೀವಂತವಾದ ಆನೆಗಳೂ ಕುದುರೆಗಳೂ ಬಂದವು, ರಥವು ಉರುಳಿತು. ನಾಟಕವನ್ನು ಬರೆದುಕೊಟ್ಟವರು ಬಿ. ಪುಟ್ಟಸ್ವಾಮಯ್ಯನವರು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯೆಂಬ ಚಿಕ್ಕ ಊರಿನಲ್ಲಿ ಹುಟ್ಟಿದ ಕಂಪೆನಿ ಇದು. ವೀರಣ್ಣನವರು ಹುಡುಗರಾಗಿದ್ದಾಗಲೇ ಇದನ್ನು ಸೇರಿ, 1917ರಲ್ಲಿ ಇದರ ಒಡೆಯರಾದರು. ಮುಂದೆ ‘ನಾಟಕರತ್ನ’ ಎಂಬ ಬಿರುದನ್ನು ಪಡೆದರು. ಹಾಸ್ಯದ ಪಾತ್ರದಲ್ಲಿ ಅವರಿಗೆ ಸಮರಿರಲಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರವನ್ನು ನೆನೆದು ನಮ್ಮ ಅಜ್ಜಿ ಒಬ್ಬರೇ ನಗುತ್ತಿದ್ದುದುಂಟು.

ಇದಕ್ಕೆ ಮುಂಚೆ ಮೈಸೂರಿನಲ್ಲಿ ನಾಟಕದ ರೀತಿಯೇ ಬೇರೆಯಾಗಿದ್ದಿತು. ಚಾಮರಾಜೇಂದ್ರ ಒಡೆಯರವರ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿದರು. ಅರಮನೆಯ ಕಂಪೆನಿಯ ತರುವಾಯ ಎ. ವಿ. ವರದಾಚಾರ್ಯರ ರತ್ನಾವಳಿ ಕಂಪೆನಿ ಪ್ರಸಿದ್ಧಿಗೆ ಬಂದಿತು. ಆಚಾರ್ಯರು 1926ರಲ್ಲಿ ತೀರಿಕೊಂಡರು. ಅಲ್ಲಿ ಕಂಠವೇ ಪ್ರಧಾನ. ಭರತಮುನಿಯು ಅಭಿನಯವನ್ನು ನಾಲ್ಕು ಬಗೆಯಾಗಿ ಹೇಳುತ್ತಾನಷ್ಟೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ವೇಷ, ಬಣ್ಣ, ಒಡವೆ, ರಂಗದ ಉಪಕರಣ ಇವೆಲ್ಲವೂ ಆಹಾರ್ಯ. ಶಾಕುಂತಲದ ಮೊದಲಲ್ಲಿಯೇ ದುಷ್ಯಂತನು ರಥವನ್ನೇರಿ ಜಿಂಕೆಯನ್ನು ಅಟ್ಟಿಕೊಂಡು ಬರುತ್ತಾನೆ. ಅಲ್ಲಿ ರಥವನ್ನು ತರಬೇಕೆಂದು ಕವಿ ಕೇಳಲಿಲ್ಲ. ರಥದ ವೇಗವನ್ನು ಅಭಿನಯಿಸಿ ತೋರಿಸಿದರೆ ಸಾಕೆಂದು ಸೂಚಿಸಿದನು. ಗುಬ್ಬಿಯವರು ರಥವನ್ನೇ ತಂದರು. ಜನ ಬೆರಗಾದರು, ಬೆರಗಾಗದೆ ಇರಲು ಯಾರಿಂದ ಸಾಧ್ಯ? ಆದರೆ ಒಂದು ಸಲ ಆನೆಯನ್ನು ಕಂಡ ಕಣ್ಣು ಮಾರನೆಯ ವರ್ಷ ಅದಕ್ಕಿಂತ ದೊಡ್ಡದನ್ನು ಕೇಳುತ್ತದೆ.

ನಮ್ಮ ದೊಡ್ಡಪ್ಪನವರು ಹನ್ನೆರಡನೆಯ ವಯಸ್ಸಿನಲ್ಲಿ ಮನೆಯನ್ನು ಬಿಟ್ಟು ಒಂದು ಕಂಪೆನಿಯನ್ನು ಸೇರಿದರು. ಮುಖ ನುಣುಪಾಗಿದ್ದಿತು, ಶಾರೀರ ತೆಳುವಾಗಿದ್ದಿತು, ಸ್ತ್ರೀಪಾತ್ರಗಳನ್ನು ಕೊಟ್ಟರು. ಹತ್ತು ವರ್ಷ ದ್ರೌಪದಿಯಾಗಿ, ಚಂದ್ರಮತಿಯಾಗಿ ಮೆರೆದರು. ಅವರು ಸೀರೆ ಉಡುವ ಬಗೆಯನ್ನು ಊರಿನ ಹೆಂಗಸರು ನೋಡಿ ಕಲಿಯುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತೋ ನಾಚಿಕೆಯಿತ್ತೋ ನನಗೆ ತಿಳಿಯಲಿಲ್ಲ. ನಮ್ಮ ತಾತನವರಿಗಂತೂ ಸಂದೇಹವೇ ಇರಲಿಲ್ಲ. ಮಗನ ಹೆಸರನ್ನು ಅವರು ಮನೆಯಲ್ಲಿ ಎತ್ತಗೊಡಲಿಲ್ಲ. ಅಷ್ಟರಲ್ಲಿ ಕಂಪೆನಿಗಳು ಒಂದೊಂದಾಗಿ ಹೆಂಗಸರನ್ನೇ ರಂಗಕ್ಕೆ ತಂದವು. ಗುಬ್ಬಿಯ ಕಂಪೆನಿಯಲ್ಲಿ ಬಿ. ಜಯಮ್ಮನವರಂತಹ ಗಾಯಕಿ ರಂಗದ ಮೇಲೆ ನಿಂತ ಮೇಲೆ, ಮೀಸೆಯನ್ನು ಬೋಳಿಸಿಕೊಂಡ ದ್ರೌಪದಿಯನ್ನು ಯಾರು ಕೇಳುತ್ತಾರೆ? ನ್ಯಾಯವಾದ ಬದಲಾವಣೆಯೇ, ಆದರೂ ಇಪ್ಪತ್ತೈದನೆಯ ವಯಸ್ಸಿಗೆ ನಮ್ಮ ದೊಡ್ಡಪ್ಪನವರ ವೈಭವ ಮುಗಿಯಿತು.

ಈಚೆಗೆ ನನ್ನ ಸೋದರಳಿಯನು ತನ್ನ ಫೋನಿನಲ್ಲಿ ಆಂಗ್ಲದೇಶದ ಒಂದು ವಾದ್ಯವೃಂದವನ್ನು ತೋರಿಸಿದನು. ‘ಟಿ. ರೆಕ್ಸ್’ ಎಂದು ಅದರ ಹೆಸರು. 1971ರಲ್ಲಿ ಅದರ ನಾಯಕ ಮಾರ್ಕ್ ಬೋಲನ್ ಎಂಬಾತನು ಕೆನ್ನೆಗೆ ಮಿನುಗುಪುಡಿಯನ್ನು ಬಳಿದುಕೊಂಡು, ಜರತಾರಿಯ ಅಂಗಿಯನ್ನು ತೊಟ್ಟು ಹಾಡಿದಾಗ ಆ ದೇಶದ ಹುಡುಗಿಯರು ಕಿರಿಚಿಕೊಂಡು ಮೂರ್ಛೆಹೋದರಂತೆ. ಮೂರು ನಾಲ್ಕು ವರ್ಷಗಳಲ್ಲಿ ಆ ಹುಚ್ಚು ಇಳಿಯಿತು. 1977ರಲ್ಲಿ ಆತನು ಮೂವತ್ತು ತುಂಬುವುದಕ್ಕೆ ಎರಡು ವಾರವಿರುವಾಗ ಮೋಟಾರು ಅಪಘಾತದಲ್ಲಿ ಮಡಿದನು. ಹಾಡು ನನಗೆ ಹಿಡಿಸಲಿಲ್ಲ. ವೇಷವು ಮಾತ್ರ ಪರಿಚಿತವಾಗಿದ್ದಿತು. ಅರ್ಧ ಗಂಡು ಅರ್ಧ ಹೆಣ್ಣಾಗಿ, ದೀಪದ ಕೆಳಗೆ ಹೊಳೆಯುತ್ತ ನಿಂತ ಆ ಹುಡುಗನಲ್ಲಿ ನಾನು ಕಾಣದ ನಮ್ಮ ದೊಡ್ಡಪ್ಪನವರ ಯೌವನವನ್ನು ಕಂಡಂತಾಯಿತು. ಅಳಿಯನಿಗೆ ಇದನ್ನು ಹೇಳಲಿಲ್ಲ.

ಮಧ್ಯಾಹ್ನ ನರಸೀಪುರದ ಬಸ್ಸನ್ನು ಹತ್ತಿದೆನು. ಕಪಿಲೆಯೂ ಅದೇ ಕಡೆಗೆ ಹರಿಯುತ್ತಾಳೆ. ಕುಯ್ಲಾದ ಗದ್ದೆಗಳು, ಕಬ್ಬು, ತೆಂಗು. ನಡುನಡುವೆ ಸಿನಿಮಾದ ಭಿತ್ತಿಚಿತ್ರಗಳು. ನಂಜನಗೂಡಿಗೂ ಸಿನಿಮಾಕ್ಕೂ ಒಂದು ನಂಟುಂಟು. ಗುಬ್ಬಿಯ ಕಂಪೆನಿಯಲ್ಲಿ ಬಾಲನಟನಾಗಿ ಬೆಳೆದ ಮುತ್ತುರಾಜನೆಂಬ ತರುಣನ ಮದುವೆ 1953ರಲ್ಲಿ ನಂಜನಗೂಡಿನಲ್ಲಿ ನಡೆಯಿತು. ಮರುವರ್ಷ ‘ಬೇಡರ ಕಣ್ಣಪ್ಪ’ ಚಿತ್ರ ಬಂದಿತು, ನಿರ್ದೇಶಕರಾದ ಎಚ್. ಎಲ್. ಎನ್. ಸಿಂಹರವರು ಆತನಿಗೆ ರಾಜಕುಮಾರನೆಂದು ಹೆಸರಿಟ್ಟರು. ಮುಂದಿನ ಕಥೆ ವಾಚಕರೆಲ್ಲರಿಗೂ ಗೊತ್ತು. ಆ ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರದೇ ಕೈಯಿದ್ದಿತೆಂಬುದನ್ನು ಮಾತ್ರ ಅನೇಕರು ಮರೆತಿದ್ದಾರೆ. ಮೂಕಚಿತ್ರಗಳ ಕಾಲದಿಂದಲೂ ಅವರಿಗೆ ಸಿನಿಮಾದ ಆಸೆಯಿದ್ದಿತು. ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಇವರೆಲ್ಲರೂ ಅವರ ಕಂಪೆನಿಯ ಅನ್ನವನ್ನುಂಡವರು. ಕನ್ನಡ ಚಿತ್ರರಂಗಕ್ಕೆ ನಟರನ್ನು ಬೆಳೆಸಿಕೊಟ್ಟ ಕಂಪೆನಿಯೇ ಆ ನಟರನ್ನು ಕಾಣಬಂದ ಪ್ರೇಕ್ಷಕರನ್ನು ಕಳೆದುಕೊಂಡಿತು. ಕಂಪೆನಿಯೆಂದರೆ ಒಂದು ಊರು. ಅದಕ್ಕೆ ದಿನಕ್ಕೆರಡು ಹೊತ್ತು ಪಂಕ್ತಿಯ ಊಟವಾಗಬೇಕು, ಆನೆಗೆ ಮೇವಾಗಬೇಕು, ಮಳೆ ಹಿಡಿದರೆ ಸಂಬಳ ನಿಲ್ಲಬಾರದು. ಡಬ್ಬಿಯಲ್ಲಿ ಸುತ್ತಿಟ್ಟ ಫಿಲ್ಮಿನ ಸುರುಳಿ ಊಟವನ್ನು ಕೇಳುವುದಿಲ್ಲ. ವೀರಣ್ಣನವರು 1972ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದು ಅದೇ ವರ್ಷ ಕಾಲವಾದರು.

ನಮ್ಮ ದೊಡ್ಡಪ್ಪನವರು ಟೂರಿಂಗ್ ಟಾಕೀಸಿನಲ್ಲಿ ‘ಬೇಡರ ಕಣ್ಣಪ್ಪ’ವನ್ನು ಮೂರು ರಾತ್ರಿ ಸಾಲಾಗಿ ನೋಡಿದರಂತೆ. ಮೂರನೆಯ ರಾತ್ರಿ ಮನೆಗೆ ಬಂದು, “ಹುಡುಗ ಚೆನ್ನಾಗಿ ಮಾಡಿದ್ದಾನೆ, ಇನ್ನು ನಮ್ಮದು ಆಯಿತು” ಎಂದರಂತೆ. ಆಮೇಲೆಯೇ ಅವರು ಹಳ್ಳಿಯ ಜನ ಕರೆದಲ್ಲಿಗೆ ಹೋಗಿ ನಾಟಕವನ್ನು ಕಲಿಸತೊಡಗಿದ್ದು.

ನರಸೀಪುರದಲ್ಲಿಳಿದು ಸಂಗಮಕ್ಕೆ ಹೋದೆನು. ಕಾವೇರಿ ಕಪಿಲೆಗಳೆರಡೂ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರವನ್ನು ನಂಬಬೇಕು. ಇಲ್ಲಿಯ ದೇವರು ಗುಂಜಾನರಸಿಂಹ; ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಅದರ ಅರ್ಥವಂತೆ. ತೂಕವನ್ನು ಇಷ್ಟು ಸಂಕೋಚದಿಂದ ಹೇಳಿಕೊಂಡ ಕ್ಷೇತ್ರಮಾಹಾತ್ಮ್ಯೆಯನ್ನು ನಾನು ಮತ್ತೆಲ್ಲಿಯೂ ಓದಿಲ್ಲ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ ತಿರುಮಕೂಡಲು ಇದೇ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದ ಮಹಾನುಭಾವರು. ಅವರನ್ನೂ ಸಿನಿಮಾ ಬಿಡಲಿಲ್ಲ. 1943ರಲ್ಲಿ ‘ವಾಣಿ’ ಎಂಬ ಚಿತ್ರವನ್ನು ತೆಗೆದು ಕೈಸುಟ್ಟುಕೊಂಡರು. ಅವರಿಗೆ ಪಿಟೀಲು ಉಳಿದಿತ್ತು, ಅದು ಸಾಕಾಯಿತು.

ಕತ್ತಲಾಗುವ ಹೊತ್ತಿಗೆ ಹಳ್ಳಿಯನ್ನು ಸೇರಿದೆನು. ಗುಡಿಯ ಮುಂದಿನ ಬಯಲಿನಲ್ಲಿ ರಂಗ ಸಿದ್ಧವಾಗಿದ್ದಿತು. ಪರದೆಗಳೂ ಕಿರೀಟಗಳೂ ಮೈಸೂರಿನಿಂದ ಬಾಡಿಗೆಗೆ ಬಂದವು. ಪಾತ್ರಧಾರಿಗಳು ಊರಿನವರೇ; ಸಂಬಳ ಪಡೆಯುವುದಿರಲಿ, ಪಾತ್ರಕ್ಕೆ ಇಷ್ಟೆಂದು ತಾವೇ ಹಣ ಕೊಟ್ಟು ವೇಷ ಕಟ್ಟುತ್ತಾರೆ. ದುರ್ಯೋಧನನಿಗೂ ಕೃಷ್ಣನಿಗೂ ಬೆಲೆ ಹೆಚ್ಚು. ಸ್ತ್ರೀಪಾತ್ರಗಳಿಗೆ ಮಾತ್ರ ಮೈಸೂರಿನಿಂದ ಕಲಾವಿದೆಯರನ್ನು ಕರೆಸಿದ್ದರು. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಶಾಲು ಹೊದಿಸಿದರು. ಬೇಡವೆನ್ನಲು ಬಾಯಿ ಬರಲಿಲ್ಲ. ಹೊದೆಯಲು ಅರ್ಹತೆಯೂ ಇರಲಿಲ್ಲ.

ನಾಟಕವನ್ನು ವಿಮರ್ಶಿಸುವ ಇಚ್ಛೆ ನನಗಿಲ್ಲ. ಭೀಮನು ಎರಡು ಕಡೆ ಮಾತನ್ನು ಮರೆತನು. ಕರ್ಣನು ಸಾಯುವ ಹೊತ್ತಿಗೆ ಅವನ ಬಂಧುಗಳು ರಂಗಕ್ಕೆ ಬಂದು ನೋಟಿನ ಹಾರವನ್ನು ಹಾಕಿದರು. ಕರ್ಣನು ಎದ್ದು ಕೈಮುಗಿದು, ಮತ್ತೆ ಮಲಗಿ ಸತ್ತನು. ಆದರೆ ಕಾಲಿನಿಂದ ಒತ್ತುವ ಹಳೆಯ ಹಾರ್ಮೋನಿಯಂ ಎದ್ದು ಹಾಡಿದಾಗಲೆಲ್ಲ ಸಾವಿರ ಜನ ನಿಶ್ಶಬ್ದರಾದರು. ಸಂಧಾನದ ಸೀನಿನಲ್ಲಿ ಕೃಷ್ಣನಿಗೆ ರಥವಿರಲಿಲ್ಲ. ಆತನು ಸೊಂಟವನ್ನು ಚೂರು ಬಾಗಿಸಿ, ಎಡಗೈಯಲ್ಲಿ ಇಲ್ಲದ ಲಗಾಮನ್ನು ಎಳೆದು, ಒಂದು ಹೆಜ್ಜೆ ಕೆಳಗಿಳಿದಂತೆ ನಟಿಸಿದನು. ರಥದಿಂದಿಳಿದನೆಂದು ಎಲ್ಲರಿಗೂ ತಿಳಿಯಿತು. ಮುಂದಿದ್ದ ಮಗುವೊಂದು ಎದ್ದು ನಿಂತು ರಥವೆಲ್ಲಿ ನಿಂತಿದೆಯೆಂದು ಇಣುಕಿ ನೋಡಿತು.

ಆ ಲಗಾಮನ್ನು ಯಾರು ಕಲಿಸಿದರೆಂದು ಬೆಳಗಿನ ಜಾವದಲ್ಲಿ ಬಣ್ಣದ ಮನೆಗೆ ಹೋಗಿ ಕೇಳಿದೆನು. ಕೃಷ್ಣನ ವೇಷದವನು, “ನಮ್ಮಪ್ಪ ಹೀಗೆಯೇ ಮಾಡುತ್ತಿದ್ದರು ಸಾಮಿ, ಅವರಿಗೆ ದೊಡ್ಡ ಮೇಷ್ಟರು ಹೇಳಿಕೊಟ್ಟದ್ದು” ಎಂದು ಪೆಟ್ಟಿಗೆಯಿಂದ ಒಂದು ಪುಸ್ತಕವನ್ನು ತೆಗೆದನು. ರಟ್ಟು ಕಿತ್ತುಹೋದ ಉದ್ದನೆಯ ಲೆಕ್ಕದ ಪುಸ್ತಕ, ದೊಡ್ಡಪ್ಪನವರ ಅಕ್ಷರ. ಮಾತಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಟಿಪ್ಪಣಿಗಳು: ಇಲ್ಲಿ ಎಡಗೈ, ಇಲ್ಲಿ ಉಸಿರು, ಇಲ್ಲಿ ದ್ರೌಪದಿ ಸೆರಗನ್ನು ಹಿಡಿಯಬಾರದು, ಹಿಡಿಯಲು ಹೊರಟು ಬಿಡಬೇಕು. ರಥದಿಂದಿಳಿಯುವ ಕಡೆ ಒಂದು ಸಂಸ್ಕೃತ ಪದವನ್ನು ಬರೆದಿದ್ದರು. ಕಾಳಿದಾಸನು ರಥವೇಗಕ್ಕೆ ಬಳಸಿದ ರಂಗಸೂಚನೆಯ ಪದ. ಅವರು ಶಾಕುಂತಲವನ್ನು ಓದಿದ್ದರೆಂಬುದು ನನಗೆ ತಿಳಿದಿರಲಿಲ್ಲ. ನಾನು ಕೇಳಿರಲಿಲ್ಲ.

ಪುಸ್ತಕವನ್ನು ನನಗೆ ಕೊಡುವಿರಾ ಎಂದೆನು. ಆತನು ತುಸು ಹೊತ್ತು ಸುಮ್ಮನಿದ್ದು, “ಬರುವ ವರ್ಷಕ್ಕೆ ಬೇಕಲ್ಲ ಸಾಮಿ” ಎಂದನು. ಹೌದೆಂದೆನು. ಒಂದು ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಟ್ಟನು.

ಮೊದಲನೆಯ ಬಸ್ಸಿಗೆ ಕಾಯುತ್ತ ಹಾಲಿನ ಡೇರಿಯ ಜಗುಲಿಯ ಮೇಲೆ ಕುಳಿತಿದ್ದೆನು. ದುರ್ಯೋಧನನು ಕ್ಯಾನನ್ನು ಹಿಡಿದುಕೊಂಡು ಸಾಲಿನಲ್ಲಿ ಬಂದು ನಿಂತನು. ಮುಖವನ್ನು ತೊಳೆದಿದ್ದನು, ಕಿವಿಯ ಹಿಂದೆ ಮಾತ್ರ ಬಣ್ಣ ಉಳಿದಿದ್ದಿತು.