ಬೆನ್ನಿನ ಮರೆ

ಬೆಂಗಳೂರಿನಲ್ಲಿದ್ದಷ್ಟು ಕಾಲ ಆ ಗೃಹಸ್ಥರಿಗೆ ಭಾನುವಾರದ ನಸುಕಿನಲ್ಲಿ ಸೈಕಲ್ಲೇರಿ, 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಹತ್ತಿ ಬರುವುದೊಂದು ವ್ರತವೇ ಆಗಿತ್ತು. ಹೆಂಡತಿ, ಮಗಳೊಡನೆ ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿ ನೆಲಸಿದ ಮೇಲೆ ವ್ರತಭಂಗವಾಯಿತು. ಹತ್ತಲು ಬೆಟ್ಟವಿಲ್ಲ, ಮಗುವನ್ನು ನೋಡಿಕೊಳ್ಳಲು ಅಜ್ಜಿಯಿಲ್ಲ. ರಜೆಯ ದಿನವೂ ತಾವೊಬ್ಬರೇ ಹೊರಟರೆ ಮನೆಯಾಕೆಗೆ ಅನ್ಯಾಯವಲ್ಲವೆ? ಸೈಕಲ್ಲು ಮೂಲೆ ಸೇರಿತು.

ಅದೋ, ಜನರಿಗಿಂತ ಸೈಕಲ್ಲುಗಳೇ ಹೆಚ್ಚಾಗಿರುವ ನಾಡು! ಮುಂದೆ ಮರದ ತೊಟ್ಟಿಯಿರುವ ಸೈಕಲ್ಲಿನಲ್ಲಿ ಮಕ್ಕಳನ್ನು ಕುಳ್ಳಿರಿಸಿಕೊಂಡು ತಾಯಂದಿರು ಮಳೆಯಲ್ಲಿಯೂ ಶಾಲೆಗೆ ಹೊರಡುತ್ತಾರೆ. ಅದನ್ನು ಕಂಡ ಮನೆಯಾಕೆ ಒಂದು ದಿನ, “ನನಗೂ ಕಲಿಸಿಕೊಡಿ” ಎಂದರು. ನಂದಿಯನ್ನು ಗೆದ್ದವರು ಸೀಟು ಹಿಡಿದು ಏದುಸಿರು ಬಿಡುತ್ತ ಹಿಂದೆ ಓಡಿದರು.

ಈಗ ಭಾನುವಾರ ಮೂವರೂ ಹೊರಡುತ್ತಾರೆ. ಬುತ್ತಿಯಲ್ಲಿ ಚಿತ್ರಾನ್ನ, ಕವಲುದಾರಿಗಳಲ್ಲಿ ನೆಟ್ಟ ಅಂಕಿಯ ಫಲಕಗಳೇ ಮಾರ್ಗದರ್ಶಕರು. ಕಾಲುವೆಯ ದಂಡೆಯ ಬಯಲಿನಲ್ಲಿ ಎದುರುಗಾಳಿಯೇ ಬೆಟ್ಟ. ಗಾಳಿ ಬಲವಾದಾಗ ಅವರು ಮುಂದಾಗುತ್ತಾರೆ. ತಾಯಿಮಗಳು ಅವರ ಬೆನ್ನಿನ ಮರೆಯಲ್ಲಿ ಸಾಗುತ್ತಾರೆ. ಒಂಟಿಯಾಗಿ ನಂದಿಯನ್ನೇರುತ್ತಿದ್ದ ದಿನಗಳಲ್ಲಿ ತಮ್ಮ ಬೆನ್ನಿಗೆ ಇಂಥದೊಂದು ಪ್ರಯೋಜನವಿದೆಯೆಂದು ಅವರಿಗೆ ತಿಳಿದಿರಲಿಲ್ಲ.